ಹಗಲು ಬ್ಯಾಟರಿಯವರು

ಅವರು ನನ್ನನ್ನು ಮೊದಲ ಸಲ ನೋಡಿದ್ದೇ ಬ್ಯಾಟರಿಯ ಬೆಳಕು ಬಿಟ್ಟು. ಅದೂ ಹಗಲು ಹನ್ನೊಂದು ಗಂಟೆಗೆ, ಶಿಗ್ಗಾಂವದ ನಮ್ಮ ಕಚೇರಿಯ ಪಡಸಾಲೆಯಲ್ಲಿ, ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದಾಗ.

ನಾನು ಗ್ರಾಮಸೇವಕನಾಗಿ ಕೆಲಸಕ್ಕೆ ಸೇರಿ ಎಂಟು ದಿನವಾಗಿತ್ತು. ಹಳ್ಳಿಹಳ್ಳಿ ತಿರುಗಿ ರೈತರಿಗೆ ಬೀಜ, ಗೊಬ್ಬರ, ಬೆಳೆಯ ರೋಗಗಳ ಬಗ್ಗೆ ತಿಳಿಹೇಳುವ ಕೆಲಸ. ಬೆಳೆಯ ರೋಗ ನನಗಿನ್ನೂ ಒಂದೂ ಗುರುತು ಹತ್ತುತ್ತಿರಲಿಲ್ಲ. ನನ್ನ ರೋಗ ಮಾತ್ರ ಮೊದಲ ವಾರದಲ್ಲೇ ಗುರುತು ಹತ್ತಿಬಿಟ್ಟಿತ್ತು. ಮೂರು ದಿನದಿಂದ ಗಂಟಲು ಕೆರೆಯುತ್ತಿತ್ತು. ಆ ಮೂರು ದಿನದಲ್ಲಿ ನಾನು ಮನಸ್ಸಿನಲ್ಲೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಸೇರಿ, ಅಲ್ಲಿ ಡಾಕ್ಟರು ಕೈಚೆಲ್ಲಿದ ಮೇಲೆ ಮನೆಗೆ ಮರಳಿ, ನನ್ನ ದಿನಕರ್ಮದ ಊಟಕ್ಕೆ ಯಾರು ಯಾರು ಬಂದಾರು ಎಂಬಲ್ಲಿಗೆ ಮುಟ್ಟಿದ್ದೆ. ಹೀಗೆ ಬೆಂಚಿನ ಮೇಲೆ ಗಂಟಲು ಹಿಡಿದುಕೊಂಡು ಕುಳಿತವನ ಮುಂದೆ ಐವತ್ತರ ಹತ್ತಿರದ, ತೆಳ್ಳಗಿನ, ಬಿಳಿ ಪೈಜಾಮದ ಒಬ್ಬರು ಬಂದು ನಿಂತರು.

“ಏನಾಗೇತಿ?”

“ಗಂಟಲರಿ.”

“ಬಾಯಿ ತಗೀರಿ. ಆ ಅನ್ರಿ.”

ಅಂಗಿಯ ಕಿಸೆಯಿಂದ ತೋರುಬೆರಳಿನಷ್ಟು ಉದ್ದದ ಕಪ್ಪು ವಸ್ತುವೊಂದನ್ನು ತೆಗೆದು ಅದರ ಹಿಂದಿನ ಗುಂಡಿ ಒತ್ತಿದರು. ಅಷ್ಟು ಸಣ್ಣದರಿಂದ ಅಷ್ಟು ಬೆಳ್ಳಗಿನ ಬೆಳಕು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ನನ್ನ ಹಲ್ಲು, ನಾಲಿಗೆ, ಕಿರುನಾಲಿಗೆಗಳನ್ನೆಲ್ಲ ದಾಟಿ ಅದು ನನ್ನ ಗುಟ್ಟುಗಳ ತನಕ ಹೋಯಿತೆನ್ನಿಸಿತು.

“ಸ್ವಲ್ಪ ಕೆಂಪಾಗೇತಿ. ನಿನ್ನಿ ಮಿರ್ಚಿ ಬಜಿ ಎಷ್ಟ ತಿಂದ್ರಿ?”

“ಆರು.”

“ಮೊನ್ನಿ?”

ನಾನು ಬಾಯಿ ಮುಚ್ಚಿದೆ. ಅವರು ಬ್ಯಾಟರಿಯನ್ನು ಕಿಸೆಗಿಟ್ಟು ನನ್ನ ಪಕ್ಕ ಕುಳಿತು ಬಹಳ ಮೆತ್ತಗೆ ಕೇಳಿದರು: “ಇಷ್ಟ ಹೆದರೀರಲ್ಲ ತಮ್ಮಾ, ಇದರಾಗ ಕಂಡದ್ದೆಷ್ಟು, ಅಂದ್ಕೊಂಡದ್ದೆಷ್ಟು?”

ಮುಂದೆ ಅವರ ಜೊತೆ ಕೆಲಸ ಮಾಡಿದಷ್ಟು ಕಾಲ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಹತ್ತಿಗೆ ಹುಳ ಬಿದ್ದಿದೆ ಎಂದು ರೈತ ಓಡಿಬಂದರೂ ಅದೇ, ಎಮ್ಮೆ ಮೇವು ಬಿಟ್ಟಿದೆ ಎಂದರೂ ಅದೇ, ಪಕ್ಕದ ಮನೆಯವರು ತಮ್ಮನ್ನು ನೋಡಿ ನಕ್ಕರು ಎಂದು ಯಾರಾದರೂ ಸಿಟ್ಟಾದರೂ ಅದೇ. ಕಂಡದ್ದೆಷ್ಟು, ಅಂದ್ಕೊಂಡದ್ದೆಷ್ಟು? ಕೇಳುವಾಗ ಅವರ ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಬರೆದರೂ ಆ ಕಡೆಯ ಹಳ್ಳಿಗಳಲ್ಲಿ ಯಾರಿಗೂ ಗುರುತು ಹತ್ತಲಾರದು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ; ಅವರು ‘ಹಗಲು ಬ್ಯಾಟ್ರಿಯವ್ರು’. ಹಿರಿಯ ಗ್ರಾಮಸೇವಕರಾದ ಅವರನ್ನು ಕಚೇರಿಯಲ್ಲಿ ನಾವು ಕಿರಿಯರು ಅಣ್ಣಾರು ಎನ್ನುತ್ತಿದ್ದೆವು.

ಬ್ಯಾಟರಿ ಇಲ್ಲದ ಮನೆ ಆಗ ಇರಲಿಲ್ಲ. ಆದರೆ ಅವೆಲ್ಲ ಮೂರು ಸೆಲ್ಲಿನ, ಮೊಳಕೈಯಷ್ಟು ಉದ್ದದ, ಹೊತ್ತು ಬಂದರೆ ನಾಯಿಗೆ ಬೀಸಲೂ ಬರುವಂಥವು. ಅಣ್ಣಾರದು ಕಿಸೆಯಲ್ಲಿ ಪೆನ್ನಿನ ಪಕ್ಕ ಕೂರುವಂಥದು. ಅದು ಅವರಿಗೆ ಬಂದದ್ದು ಸವಣೂರಿನಲ್ಲಿ. ಹಾನಗಲ್ಲಿನ ಭತ್ತದ ಸೀಮೆಯಲ್ಲಿ ಹದಿನೆಂಟು ವರ್ಷ ದುಡಿದ ಮೇಲೆ ಅವರನ್ನು ಒಂದು ವರ್ಷ ಸವಣೂರಿನ ಎಲೆತೋಟಗಳಿಗೆ ಹಾಕಿದ್ದರು. ವೀಳ್ಯದೆಲೆಯ ತೋಟದಲ್ಲಿ ಹಗಲೂ ನೆರಳು ಕಪ್ಪಗಿರುತ್ತದೆ. ಬುಡನಸಾಬ ಎಂಬ ತೋಟದವನ ಬಳ್ಳಿಗಳು ಒಂದೊಂದಾಗಿ ಬಾಡುತ್ತಿದ್ದವು. ಅಣ್ಣಾರು ಮಣ್ಣಿನಲ್ಲಿ ಮಕಾಡೆ ಮಲಗಿ, ಕಡ್ಡಿ ಗೀರಿ ಗೀರಿ ಬಳ್ಳಿಯ ಬುಡ ನೋಡಿದರಂತೆ. ರೋಗ ಸಿಕ್ಕಿತು. ಮೀಸೆಯ ಎಡಭಾಗ ಸುಟ್ಟಿತು.

“ಅರೆ ಸಾಹೇಬ್ರ, ನನ್ನ ಬಳ್ಳಿ ಸಲುವಾಗಿ ನಿಮ್ಮ ಮೀಸಿ ಹೋಗೂದ ಬ್ಯಾಡ್ರಿ” ಎಂದು ಬುಡನಸಾಬ, ಕುವೈತಿನಿಂದ ತನ್ನ ತಮ್ಮ ತಂದುಕೊಟ್ಟಿದ್ದ ಬ್ಯಾಟರಿಯನ್ನು ಅವರ ಕಿಸೆಗೆ ತುರುಕಿದನಂತೆ. ಬೇಡವೆಂದರೆ ಕೇಳಲಿಲ್ಲ. “ನನಗ್ಯಾಕ್ರಿ ಇದು? ರಾತ್ರಿ ನಾ ಮಕ್ಕೊಂಡ ಬಿಡ್ತೇನಿ. ನೀವು ಹಗಲಾಗೂ ಹುಡುಕಾವ್ರು.”

ಕಳೆದು ಹೋದೀತೆಂದು ಅಣ್ಣಾರು ಅದನ್ನು ಕೆಂಪು ಉಡದಾರದ ತುಂಡಿನಿಂದ ಅಂಗಿಯ ಗುಂಡಿಗೆ ಕಟ್ಟಿಕೊಂಡಿದ್ದರು. ಅವರು ಬಗ್ಗಿದಾಗಲೆಲ್ಲ ಅದು ಕಿಸೆಯಿಂದ ಜಾರಿ ಎದೆಯ ಮುಂದೆ ಓಲಾಡುತ್ತಿತ್ತು. ಅವರು ದಿನವಿಡೀ ಬಗ್ಗುವ ಮನುಷ್ಯ. ಜೋಳದ ಸಸಿಯ ಸುಳಿಯೊಳಗೆ, ಹತ್ತಿಯ ಕಾಯಿಗಿದ್ದ ಸೂಜಿಮೊನೆಯಷ್ಟು ತೂತಿನೊಳಗೆ, ಎತ್ತಿನ ಕಿವಿಯೊಳಗೆ, ಕೂಸುಗಳ ಮೂಗಿನೊಳಗೆ, ಬಸ್ಸಿನಲ್ಲಿ ಸೀಟಿನ ಅಡಿಗೆ. ಒಮ್ಮೆ ಹೆದ್ದಾರಿ ಬದಿಯ ಚಹದ ಅಂಗಡಿಯಲ್ಲಿ ಕೆಟ್ಲಿಯ ಮುಚ್ಚಳ ತೆಗೆದು ಬೆಳಕು ಬಿಟ್ಟರು. ಅಂಗಡಿಯವನಿಗೆ ರೇಗಿತು.

“ಏನ್ರಿ ನೋಡ್ತೀರಿ? ಚಾ ಐತಿ, ಇನ್ನೇನ ಆನಿ ಇರ್ತದೇನು?”

“ಚಾ ಐತೇನಂತ ನೋಡಿದೆ. ಕುಡದಾಗ ಗೊತ್ತಾಗಲಿಲ್ಲ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಂಗಡಿಯವನೂ ನಕ್ಕು ಇನ್ನೊಂದು ಕಪ್ ಗಟ್ಟಿ ಚಹ ಕೊಟ್ಟ. ನಾನೊಬ್ಬ ನಗಲಿಲ್ಲ. ಅವನು ಸಿಟ್ಟಿಗೆ ಅದರಲ್ಲಿ ಏನಾದರೂ ಹಾಕಿದ್ದಾನೆಯೇ ಎಂದು ಯೋಚಿಸುತ್ತಿದ್ದೆ.

ಆ ಬ್ಯಾಟರಿಗೆ ಬೇಕಾದ ಸಣ್ಣ ಸೆಲ್ಲು ಶಿಗ್ಗಾಂವದಲ್ಲಿ ಸಿಗುತ್ತಿರಲಿಲ್ಲ. ಹುಬ್ಬಳ್ಳಿಗೆ ಹೋದವರಿಗೆ ಹೇಳಿ ತರಿಸಬೇಕು. ಬೆಳಕು ಕೆಂಪಗಾದರೆ ಸೆಲ್ಲುಗಳನ್ನು ಕಚೇರಿಯ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಿದ್ದರು, ಹಪ್ಪಳದ ಹಾಗೆ. ನಡುನಡುವೆ ಎದ್ದು ಮಗ್ಗಲು ಹೊರಳಿಸಿ ಬರುತ್ತಿದ್ದರು. ಬಿಸಿಲು ಕುಡಿದ ಸೆಲ್ಲು ಇನ್ನೆರಡು ದಿನ ಬೆಳಕು ಕೊಡುತ್ತದೆ ಎಂದು ಅವರ ನಂಬಿಕೆ. ಅದು ಕಂಡದ್ದೋ ಅಂದುಕೊಂಡದ್ದೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಒಂದು ಸಲ ಅವರ ಜೊತೆ ಹಾನಗಲ್ಲಿನ ಕಡೆ ಹೋದಾಗ ಆಡೂರಿನಲ್ಲಿ ಇಳಿದೆವು. ಅಲ್ಲಿ ಗುಡಿಯ ಹತ್ತಿರ ಹಳೆಯ ಶಾಸನದ ಕಲ್ಲುಗಳಿವೆ. ನನ್ನ ಕಣ್ಣಿಗೆ ಅವು ಸವೆದ ಕಲ್ಲುಗಳು, ಅಷ್ಟೇ. ಅಣ್ಣಾರು ನೆರಳಿನಲ್ಲಿದ್ದ ಒಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬ್ಯಾಟರಿಯನ್ನು ಎದುರಿನಿಂದ ಬಿಡದೆ ಕಲ್ಲಿನ ಮಗ್ಗಲಿಗೆ ಒತ್ತಿ ಹಿಡಿದರು. ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಯಿತು. ಏನೂ ಇಲ್ಲದಲ್ಲಿ ಸಾಲುಸಾಲಾಗಿ ಅಕ್ಷರಗಳು ಎದ್ದು ನಿಂತವು.

“ಏನ್ ಬರದಾರ್ರಿ ಅಣ್ಣಾರ?”

“ಯಾರಿಗೊತ್ತು? ನನಗ ಓದಾಕ ಬರೂದಿಲ್ಲ. ಬರದಾರ ಅನ್ನೂದಷ್ಟ ಕಾಣ್ತದ.”

ಅವರ ಬಗ್ಗೆ ಹೇಳುವಾಗ ನನಗೆ ಮೊದಲು ನೆನಪಾಗುವುದು ಈ ಮಾತು. ತನಗೆ ಕಂಡದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಹೇಳದ ಮನುಷ್ಯ. ಅಂಥವರು ಒಂದೇ ಒಂದು ದಿನ ತಪ್ಪಿದರು. ಅದನ್ನು ಬರೆಯಲೆಂದೇ ನಾನು ಕುಳಿತದ್ದು. ಇಷ್ಟು ಹೊತ್ತು ಚಹದ ಅಂಗಡಿಯ ಕಥೆ ಹೇಳುತ್ತ ಸುತ್ತು ಹಾಕಿದ್ದೂ ಅದಕ್ಕೇ.

ಹಿರೇಬೆಂಡಿಗೇರಿಯ ಆಚೆಗಿನ ಒಂದು ಹಳ್ಳಿ. ಮುಂಗಾರು ಬಿತ್ತನೆಗೆ ಇನ್ನೇನು ವಾರವಿದೆ ಎನ್ನುವಾಗ ಆ ಊರಿನ ಗೌಡರು ಹೇಳಿಕಳಿಸಿದರು. ಅವರ ಹಗೇವಿನಲ್ಲಿ ಬೀಜಕ್ಕೆಂದು ಇಟ್ಟ ಜೋಳ ಇದೆ, ಬಿತ್ತಲು ಬಂದೀತೇ ನೋಡಿ ಹೇಳಬೇಕು ಎಂದು. ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಸಣ್ಣದು, ಹೊಟ್ಟೆ ಒಂದು ಕೋಣೆಯಷ್ಟು ದೊಡ್ಡದು. ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಟ್ಟರೆ ಒಳಗೆ ಗಾಳಿಯೂ ಇಲ್ಲ, ಹುಳವೂ ಇಲ್ಲ. ಕಾಳು ವರ್ಷಗಟ್ಟಲೆ ಇರುತ್ತದೆ. ಭತ್ತದ ಸೀಮೆಯಲ್ಲಿ ಕಣಜ ನೋಡಿ ಬೆಳೆದ ಅಣ್ಣಾರಿಗೆ ಹಗೇವು ಹೊಸದು. ನನಗೂ ಹೊಸದು.

ನಾವು ಹೋದಾಗ ಚಪ್ಪಡಿ ಆಗಲೇ ಸರಿಸಿದ್ದರು. ಹಗೇವಿಗೆ ಇಳಿಯುವವನು ದುರಗಪ್ಪ. ಆ ಊರಿನಲ್ಲಿ ಯಾರ ಹಗೇವು ತೆರೆದರೂ ಮೊದಲು ಇಳಿಯುವುದು ಅವನೇ, ಅವನಪ್ಪನ ಕಾಲದಿಂದ. ಜೊತೆಗೆ ಅವನ ತಮ್ಮ, ಹೆಂಡತಿ ದ್ಯಾಮವ್ವ. ಅವರ ಪದ್ಧತಿ ಹೀಗೆ: ಮೊದಲು ಹೊತ್ತಿಸಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ತಳದ ತನಕ ಇಳಿಬಿಡುವುದು. ಕಂದೀಲು ಉರಿಯುತ್ತಿದ್ದರೆ ಇಳಿಯಬಹುದು. ಆರಿದರೆ ಇಳಿಯಬಾರದು, ಬೇವಿನ ಟೊಂಗೆ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ, ಕಾದು, ಮತ್ತೆ ಕಂದೀಲು ಇಳಿಸುವುದು. ಇಡೀ ದಿನವಾದರೂ ಆಯಿತು.

ಅವತ್ತು ಗಾಳಿ ಎದ್ದಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಮಳೆ ಹನಿದು ತೆರೆದ ಹಗೇವಿಗೆ ನೀರು ಹೋದರೆ ಬೀಜವೆಲ್ಲ ಹಾಳು. ಗೌಡರು ಮುಗಿಲು ನೋಡುತ್ತ ಶತಪಥ ಹಾಕುತ್ತಿದ್ದರು. ದುರಗಪ್ಪ ಕಡ್ಡಿ ಗೀರಿದರೆ ಗಾಳಿ ಆರಿಸುತ್ತಿತ್ತು. ಆರೇಳು ಕಡ್ಡಿ ಹೋದವು.

“ಕಂದೀಲ ಯಾಕ ಅಷ್ಟು ಒದ್ದಾಡ್ತೀಯೋ ಮಾರಾಯಾ, ಇದೈತಲ್ಲ” ಎಂದು ಅಣ್ಣಾರು ಕಿಸೆಯಿಂದ ಬ್ಯಾಟರಿ ತೆಗೆದರು.

ಎಲ್ಲರೂ ಹತ್ತಿರ ಬಂದರು. ಉಡದಾರ ಬಿಚ್ಚಿ, ಅದಕ್ಕೆ ಉದ್ದನೆಯ ಹುರಿ ಸೇರಿಸಿ, ಬ್ಯಾಟರಿ ಹೊತ್ತಿಸಿ ಒಳಗೆ ಇಳಿಬಿಟ್ಟರು. ಅದು ತಿರುಗುತ್ತ ತಿರುಗುತ್ತ ಇಳಿದಂತೆ ಹಗೇವಿನ ಗೋಡೆಯ ಹುಲ್ಲು, ಮಣ್ಣಿನ ಮೇಲಿನ ಬೆರಳ ಗೀರು, ತಳದ ಜೋಳದ ಒಂದೊಂದು ಕಾಳು, ಎಲ್ಲ ಬೆಳ್ಳಗೆ ಕಂಡವು. ದುರಗಪ್ಪ ತಲೆ ಒಳಗಿಟ್ಟು ಬಹಳ ಹೊತ್ತು ನೋಡಿದ. ಎದ್ದವನ ಮುಖ ಅರಳಿತ್ತು.

“ಆರಲಿಲ್ರಿ! ಕಂದೀಲಾದ್ರ ಸಣ್ಣಾಗ್ತಿತ್ತು. ಇದು ಜರಾನೂ ಸಣ್ಣಾಗಲಿಲ್ಲ.”

“ಹಂಗಾರ ಗಾಳಿ ಸ್ವಚ್ಛ ಐತಿ” ಅಂದರು ಗೌಡರು.

“ಐತಿ ಐತಿ. ಇಳಿ” ಅಂದರು ಅಣ್ಣಾರು.

ಇಲ್ಲಿ ನಾನು ಎಲ್ಲಿದ್ದೆ ಎಂಬುದನ್ನು ಹೇಳಬೇಕು. ನಾನು ಅಣ್ಣಾರ ಪಕ್ಕದಲ್ಲೇ, ಹುರಿಯ ಇನ್ನೊಂದು ತುದಿ ಹಿಡಿದು ನಿಂತಿದ್ದೆ. ನಾನು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವನು. ಅದಕ್ಕೂ ಮುಂಚೆ ಶಾಲೆಯಲ್ಲೇ ಗಾಜಿನ ಜಾಡಿಯ ಕೆಳಗೆ ಮೋಂಬತ್ತಿ ಇಟ್ಟು, ಅದು ಗಾಳಿ ಸಾಲದೆ ಆರುವುದನ್ನು ಕಣ್ಣಾರೆ ಕಂಡು, ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆದು, ಹತ್ತಕ್ಕೆ ಒಂಬತ್ತು ಅಂಕ ಪಡೆದವನು. ಬೆಂಕಿ ಉಸಿರಾಡುತ್ತದೆ, ಬ್ಯಾಟರಿ ಉಸಿರಾಡುವುದಿಲ್ಲ ಎಂದು ಅಲ್ಲಿದ್ದವರಲ್ಲಿ ಓದಿ ತಿಳಿದವನು ನಾನೊಬ್ಬನೇ. ಹುಟ್ಟಿದಾಗಿನಿಂದ ಕಂಡದ್ದಕ್ಕೂ ಕಾಣದ್ದಕ್ಕೂ ಹೆದರುತ್ತ ಬಂದ ನಾನು ಆ ಹೊತ್ತಿನಲ್ಲಿ ಯಾವುದಕ್ಕೆ ಹೆದರುತ್ತಿದ್ದೆ? ಹುರಿ ಹರಿದು ಅಣ್ಣಾರ ಬ್ಯಾಟರಿ ಬಿದ್ದೀತೆಂದು. ಮತ್ತು ಮಳೆ ಬಂದರೆ ಸಂಜೆಯ ಬಸ್ಸು ತಪ್ಪೀತೆಂದು.

ದ್ಯಾಮವ್ವ ಒಬ್ಬಳೇ ಅಡ್ಡ ಬಂದಳು. “ನಡಕ್ಕ ಹಗ್ಗ ಕಟಗೊಂಡ ಇಳಿ” ಎಂದಳು ಗಂಡನಿಗೆ.

ದುರಗಪ್ಪನಿಗೆ ನಾಚಿಕೆ. “ಏ, ಸುಮ್ನಿರಲೇ. ಒಳಗ ಹಾಡಹಗಲಾಗೇತಿ, ಹಗ್ಗ ಯಾಕ?”

“ಅವ್ರ ಬೆಳಕ ಅವ್ರಿಗಿರಲಿ. ನನ್ನ ಕೈಯಾಗ ಹಗ್ಗ ಇರಲಿ.”

ಎಲ್ಲರೂ ನಕ್ಕರು. ಅಣ್ಣಾರೂ ನಕ್ಕರು. ನಗುತ್ತಲೇ ದುರಗಪ್ಪ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಕೈಕಾಲು ಗೋಡೆಗೆ ಆನಿಸುತ್ತ ಇಳಿದ. “ಕಾಳು ಛಲೋ ಅದಾವ್ರಿ” ಎಂಬ ಅವನ ಮಾತು ಕೊಡದೊಳಗಿಂದ ಬಂದಂತೆ ಬಂತು. ಆಮೇಲೆ ಮಾತು ಬರಲಿಲ್ಲ.

ಅಣ್ಣಾರು ಬಗ್ಗಿ ನೋಡಿದರು. ನಾನೂ ಬಗ್ಗಿ ನೋಡಿದೆ. ಬ್ಯಾಟರಿಯ ಬೆಳಕಿನಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ದುರಗಪ್ಪ ಜೋಳದ ಮೇಲೆ ಮಗ್ಗಲಾಗಿ ಬಿದ್ದಿದ್ದ, ನಿದ್ದೆ ಬಂದವನ ಹಾಗೆ. ಅವನ ತೆರೆದ ಬಾಯಿಯ ಹಲ್ಲು ಕೂಡ ಕಾಣುತ್ತಿದ್ದವು.

“ಅಣ್ಣಾ!” ಎಂದು ಕೂಗಿ ಅವನ ತಮ್ಮ ಕಾಲು ಒಳಗೆ ಇಳಿಬಿಟ್ಟ. ಅಣ್ಣಾರು ಅವನ ಎದೆಗೆ ಕೈ ಕೊಟ್ಟು ಹಿಂದಕ್ಕೆ ನೂಕಿದರು. ಅವನು ಮತ್ತೆ ನುಗ್ಗಿದ. ತೆಳ್ಳಗಿನ ಆ ಮನುಷ್ಯ ಹಗೇವಿನ ಬಾಯಿಗೇ ಅಡ್ಡ ಮಲಗಿಬಿಟ್ಟರು. ಅವನು ಅವರ ಬೆನ್ನಿಗೆ ಗುದ್ದಿದ.

“ಬಿಡ್ರಿ ನನ್ನ! ಅಣ್ಣ ಸಾಯಾಕತ್ತಾನ!”

“ನೀ ಇಳದ್ರ ಇಬ್ರು! ಹಗ್ಗ ಜಗ್ಗು! ಹಗ್ಗ!”

ದ್ಯಾಮವ್ವ ಆಗಲೇ ಜಗ್ಗುತ್ತಿದ್ದಳು. ಗೌಡರು, ತಮ್ಮ, ನಾನು ಕೈಗೂಡಿಸಿದೆವು. ನಾನು ಹಗ್ಗಕ್ಕೆ ಕೈ ಹಾಕುವಾಗ ಹುರಿ ಬಿಟ್ಟೆ. ಬ್ಯಾಟರಿ ಒಳಗೆ ಬಿತ್ತು. ಸೊಂಟದ ಹಗ್ಗದಲ್ಲಿ ಎರಡಾಗಿ ಮಡಚಿಕೊಂಡು ದುರಗಪ್ಪ ಮೇಲೆ ಬಂದ. ಭುಜ ಬಾಯಿಗೆ ಸಿಕ್ಕಿಕೊಂಡಾಗ ಅಣ್ಣಾರು ತೋಳು ಇಳಿಬಿಟ್ಟು ಅವನನ್ನು ಹೊರಳಿಸಿದರು. ತುಟಿ ನೀಲಿಗಟ್ಟಿತ್ತು. ಬೇವಿನ ಗಿಡದ ಕೆಳಗೆ ಗಾಳಿಗೆ ಮುಖ ಮಾಡಿ ಮಲಗಿಸಿ, ಅಂಗಿ ಹರಿದು, ಎದೆ ನೀವಿದೆವು. ಇಳಿಯುವ ಮುಂಚೆ ಶಾಪ ಹಾಕಿಸಿಕೊಂಡ ಅದೇ ಗಾಳಿ ಈಗ ಸಾಲದೆನ್ನಿಸಿತು. ದ್ಯಾಮವ್ವ ಅಳಲಿಲ್ಲ. ಅವನ ಮೂಗಿನ ಮುಂದೆ ಕೈಹಿಡಿದು ಕುಳಿತಿದ್ದಳು. ಎಷ್ಟೋ ಹೊತ್ತಿನ ಮೇಲೆ ಅವಳು “ಬಂತು” ಎಂದಳು. ಅಷ್ಟೇ.

ಗೌಡರ ಟ್ರ್ಯಾಕ್ಟರಿನಲ್ಲಿ ಅವನನ್ನು ಶಿಗ್ಗಾಂವದ ಆಸ್ಪತ್ರೆಗೆ ಸಾಗಿಸುವಾಗ ನಾನೊಮ್ಮೆ ಹಿಂದಿರುಗಿ ಹಗೇವಿನ ಹತ್ತಿರ ಹೋದೆ, ಯಾಕೆಂದು ಗೊತ್ತಿಲ್ಲ. ಒಳಗೆ ಜೋಳದ ಮೇಲೆ ಬ್ಯಾಟರಿ ತನ್ನ ಪಾಡಿಗೆ ತಾನು ಬೆಳ್ಳಗೆ ಉರಿಯುತ್ತಲೇ ಇತ್ತು.

ದುರಗಪ್ಪ ಬದುಕಿದ. ಮೂರನೆಯ ದಿನ ಮನೆಗೆ ಬಂದ. ತಲೆನೋವು ಮಾತ್ರ ಬಹಳ ತಿಂಗಳು ಕಾಡಿತು. ಆದರೆ ನಾನು ಹೇಳಬೇಕಾದದ್ದು ಆ ಮೂರು ದಿನದಲ್ಲಿ ನಾನು ಮಾಡಿದ ಕೆಲಸ. ನಾವು ಎಲ್ಲಿಗೆ ಹೋದೆವು, ಏನು ಮಾಡಿದೆವು ಎಂದು ತಿರುಗಾಟದ ಡೈರಿ ಬರೆದು ಮೇಲೆ ಕಳಿಸಬೇಕಿತ್ತು. ನಾನು ಅಷ್ಟರಲ್ಲಿ ಕನಸಿನಲ್ಲಿ ಅಮಾನತ್ತಾಗಿ, ಕೋರ್ಟಿನ ಕಟಕಟೆ ಏರಿ, ನನ್ನ ಅವ್ವನಿಗೆ ಮುಖ ತೋರಿಸಲಾಗದೆ ನಿಂತಿದ್ದೆ. ಆಸ್ಪತ್ರೆಯ ಕಟ್ಟೆಯ ಮೇಲೆ ಅಣ್ಣಾರ ಪಕ್ಕ ಕುಳಿತು ಪಿಸುಗುಟ್ಟಿದೆ.

“ಅಣ್ಣಾರ, ‘ರೂಢಿಯ ಮುಂಜಾಗ್ರತೆ ತಗೊಳ್ಳದೆ ಕೂಲಿಯಾಳು ಇಳಿದಿದ್ದರಿಂದ’ ಅಂತ ಬರದ್ರ ಹೆಂಗ್ರಿ? ಸುಳ್ಳೇನಲ್ಲ. ಕಂದೀಲ ಇಳಿಸಲಿಲ್ಲಲ್ಲ ಅವ?”

ಅವರು ನನ್ನನ್ನು ಬೈಯಲಿಲ್ಲ. ಖಾಲಿ ಕಿಸೆಯನ್ನು ಮುಟ್ಟಿಕೊಂಡರು. “ಅವನ ಕೈಯಾಗ ಕಂದೀಲ ಇತ್ತು. ಬಿಡಿಸಿದಾವ ನಾನು” ಎಂದರು. ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವಂತೆ: “ನಾ ಕಂಡದ್ದು ಕಾಳು. ಗಾಳಿ ಅಂದ್ಕೊಂಡೆ.”

ಡೈರಿಯಲ್ಲಿ ಹಾಗೇ ಬರೆದರು. ಬ್ಯಾಟರಿ ಆರದಿದ್ದುದನ್ನು ನೋಡಿ ಗಾಳಿ ಒಳ್ಳೆಯದಿದೆ ಎಂದು ತಿಳಿದು ಇಳಿಯಲು ಹೇಳಿದವರು ತಾವೇ ಎಂದು. ಅವರು ಬರೆದ ಆ ಪುಟವನ್ನು ನಾನು ಕದ್ದು ಓದಿದೆ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ನಾನು ಆ ದಿನ ಜೊತೆಗಿದ್ದೆ ಎಂಬುದು ಕೂಡ ಇರಲಿಲ್ಲ. ಕಂಡದ್ದನ್ನಷ್ಟೇ ಹೇಳುವ ಮನುಷ್ಯ ಕಂಡದ್ದೊಂದನ್ನು ಬಿಟ್ಟದ್ದು ಅದೊಂದೇ ಸಲ. ನನಗೆ ಆಗ ಆದದ್ದು ಸಮಾಧಾನ. ನಾಚಿಕೆ ಬರಲು ಕೆಲವು ವರ್ಷ ಬೇಕಾದವು.

ಎಂಟು ದಿನದ ಮೇಲೆ ದುರಗಪ್ಪ ಕಚೇರಿಗೆ ಬಂದು, ತಲೆವಸ್ತ್ರದ ಗಂಟು ಬಿಚ್ಚಿ ಬ್ಯಾಟರಿಯನ್ನು ಮೇಜಿನ ಮೇಲಿಟ್ಟ. ಕಂದೀಲು ಇಳಿಸಿ ನೋಡಿ, ತಾನೇ ಇಳಿದು ತಂದಿದ್ದ. ಅಣ್ಣಾರು ಅದನ್ನು ಮುಟ್ಟಲಿಲ್ಲ.

“ಒಯ್ಯಪ್ಪಾ. ನನಗ ಬ್ಯಾಡ.”

“ತಗೋರಿ. ಇದರದೇನ ತಪ್ಪೈತ್ರಿ? ಅದಕ್ಕ ಮೂಗಿಲ್ಲ.”

ಅಂದಿನಿಂದ ಅಣ್ಣಾರು ಹಗೇವಿರುವ ಪ್ರತಿ ಹಳ್ಳಿಯ ಸಭೆಗೂ ಎರಡು ವಸ್ತು ಒಯ್ಯತೊಡಗಿದರು. ಒಂದು ಕೈಯಲ್ಲಿ ಕಂದೀಲು, ಇನ್ನೊಂದರಲ್ಲಿ ಬ್ಯಾಟರಿ. “ಇದು ಆರೂದಿಲ್ಲ. ಅದಕ್ಕ ಇದನ್ನ ನಂಬಬ್ಯಾಡ್ರಿ. ನಾ ನಂಬಿದ್ದೆ, ಒಬ್ಬನ್ನ ಕೊಲ್ಲಾಕ ಹೋಗಿದ್ದೆ” ಎಂದು ಶುರುಮಾಡುತ್ತಿದ್ದರು. ಜನ ಬ್ಯಾಟರಿಯವರ ಹಾಸ್ಯ ಕೇಳಲು ಬಂದವರು. ಮೊದಲು ನಕ್ಕು, ಆಮೇಲೆ ಹತ್ತಿರ ಸರಿದು ಕುಳಿತುಕೊಳ್ಳುತ್ತಿದ್ದರು. ನನಗೆ ಆ ಸಭೆಗಳಲ್ಲಿ ಕೂರಲಾಗುತ್ತಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಒಮ್ಮೆ ಕೇಳಿಯೂಬಿಟ್ಟೆ: “ಎಷ್ಟ ಊರಾಗ ಹೇಳ್ತೀರಿ ಅಣ್ಣಾರ? ಮರ್ಯಾದಿ ಹೋಗೂದಿಲ್ಲೇನ್ರಿ?”

“ಹೋಗಲಿ ಬಿಡು. ಹಗೇವ ಎಷ್ಟ ಅದಾವ ಅಷ್ಟ ಊರಾಗ ಹೇಳ್ತೇನಿ.”

ಇನ್ನೊಂದು ಹೊಸ ಅಭ್ಯಾಸ ಬಂತು. ಕಿಸೆಯಲ್ಲಿದ್ದಾಗ ಬ್ಯಾಟರಿಯ ಎರಡು ಸೆಲ್ಲುಗಳಲ್ಲಿ ಒಂದನ್ನು ಉಲ್ಟಾ ಹಾಕಿಡುತ್ತಿದ್ದರು. ಗುಂಡಿ ಒತ್ತಿದರೆ ಹೊತ್ತುತ್ತಿರಲಿಲ್ಲ. ಬೇಕಾದಾಗ ಬಿಚ್ಚಿ, ಸೆಲ್ಲು ತಿರುಗಿಸಿ, ಮತ್ತೆ ಮುಚ್ಚಿ, ಆಮೇಲೆ ಒತ್ತಬೇಕು. ಕಿಸೆಯಲ್ಲಿ ತಾನಾಗಿ ಹೊತ್ತಿ ಸೆಲ್ಲು ಸವೆಯದಿರಲಿ ಎಂದು ಹಲವರು ಹೀಗೆ ಮಾಡುವುದುಂಟು. ನಾನೂ ಹಾಗೇ ತಿಳಿದು, ಒಳ್ಳೆಯ ಉಳಿತಾಯ ಎಂದೆ.

“ಉಳಿತಾಯ ಅಲ್ಲೋ. ಒತ್ತಿದ ಕೂಡ್ಲೆ ಬೆಳಕ ಬಂದ್ರ, ಮನಷ್ಯಾನ ಬಾಯಾಗ ಕೂಡ್ಲೆ ಮಾತ ಬರ್ತದ. ಇದನ್ನ ಬಿಚ್ಚಿ ತಿರಗಸೂದ್ರಾಗ ಎರಡ ಉಸಿರು ಸಿಗ್ತಾವು.”

ಎರಡು ತಿಂಗಳಲ್ಲಿ ಅವರಿಗೆ ಹಾನಗಲ್ಲಿಗೆ ವರ್ಗವಾಯಿತು. ಅಲ್ಲೇ ನಿವೃತ್ತರಾಗಿ, ಹಿರೇಕೆರೂರಿನ ಹತ್ತಿರದ ತಮ್ಮ ಊರಿಗೆ ಹೋದರು. ವರ್ಷಕ್ಕೊಂದು ಸಲ ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ಬಸ್ಸಿನಲ್ಲಿ ಒಂದು ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ: ಅಣ್ಣಾರ, ಅವತ್ತ ನನಗ ಗೊತ್ತಿರಬೇಕಿತ್ತು, ನಾ ಓದಿದ್ದೆ. ಪ್ರತಿ ಸಲವೂ ಅವರು ಬಾಗಿಲಲ್ಲೇ “ಈ ಸಲ ಯಾವ ರೋಗಪಾ?” ಎಂದು ಕೇಳುತ್ತಿದ್ದರು. ನಾನು ಎದೆಯುರಿಯನ್ನೋ ಮೊಣಕಾಲನ್ನೋ ಹೇಳುತ್ತಿದ್ದೆ. ಅವರು ಬ್ಯಾಟರಿ ಬಿಚ್ಚಿ, ಸೆಲ್ಲು ತಿರುಗಿಸಿ, ಬಹಳ ಗಂಭೀರವಾಗಿ ಮೊಣಕಾಲಿಗೆ ಬೆಳಕು ಬಿಡುತ್ತಿದ್ದರು. ನಗುವುದರಲ್ಲಿ ಮಾತು ಉಳಿದುಹೋಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ನಾನು ಹೋದಾಗ ಅವರ ಹೆಂಡತಿ ಗೂಡಿನಿಂದ ಬ್ಯಾಟರಿ ತಂದು ನನ್ನ ಕೈಗೆ ಕೊಟ್ಟರು. ಕೆಂಪು ಉಡದಾರ ಮಾಸಿ ಕಂದಾಗಿತ್ತು.

“ನಿನಗ ಕೊಡು ಅಂದಿದ್ರಪಾ. ಆದ್ರ ಕೆಟ್ಟೈತಿ. ಎಷ್ಟ ಒತ್ತಿದ್ರೂ ಹತ್ತವಲ್ದು.”

“ಕೆಟ್ಟಿಲ್ಲ ಬಿಡ್ರಿ ಅಕ್ಕಾರ” ಎಂದೆ. ಬಿಚ್ಚಿ ತೋರಿಸಬೇಕೆಂದುಕೊಂಡೆ. ಮನಸ್ಸಾಗಲಿಲ್ಲ. ಹಾಗೇ ಕಿಸೆಗೆ ಹಾಕಿಕೊಂಡೆ.

ಈ ಬೇಸಿಗೆಯಲ್ಲಿ, ಅಂದರೆ ಹೋದ ತಿಂಗಳು, ನಾನು ಮತ್ತೆ ದುರಗಪ್ಪನ ಊರಿಗೆ ಹೋಗಿದ್ದೆ. ನನಗೀಗ ನಲವತ್ತು ದಾಟಿದೆ, ಮೇಲಿನ ಹುದ್ದೆ ಬಂದಿದೆ, ರಕ್ತದೊತ್ತಡವೂ ಬಂದಿದೆ. ಇದು ಅಂದುಕೊಂಡದ್ದಲ್ಲ, ಡಾಕ್ಟರು ಕಂಡದ್ದು. ಹಗೇವುಗಳು ಈಗ ಕಡಿಮೆಯಾಗಿವೆ, ಆದರೆ ಗೌಡರ ಅದೇ ಹಗೇವು ಅಂದು ತೆರೆದಿದ್ದರು. ದುರಗಪ್ಪ ಈಗ ಇಳಿಯುವುದಿಲ್ಲ, ಅವನ ತಮ್ಮ ಇಳಿಯುತ್ತಾನೆ. ದುರಗಪ್ಪ ದಂಡೆಯ ಮೇಲೆ ಕುಳಿತು ಕಂದೀಲಿನ ಗಾಜು ಒರೆಸುತ್ತಿದ್ದ. ಪಕ್ಕದಲ್ಲಿ ದ್ಯಾಮವ್ವ, ಮಡಿಲಲ್ಲಿ ಹಗ್ಗದ ಸಿಂಬಿ. ಅಣ್ಣಾರು ತೀರಿಕೊಂಡ ಸುದ್ದಿ ಹೇಳಿದೆ. ಅವನು ಒರೆಸುವುದನ್ನು ನಿಲ್ಲಿಸಿ ಕಂದೀಲನ್ನು ನೆಲಕ್ಕಿಟ್ಟ.

ನಾನು ಬಸ್ಸಿನಲ್ಲಿ ಅಷ್ಟು ವರ್ಷ ಜೋಡಿಸಿದ್ದ ಮಾತು ಅಲ್ಲಿ ಬಾಯಿಗೆ ಬಂತು. “ದುರಗಪ್ಪ, ಅವತ್ತ ಹುರಿ ಹಿಡದಾವ ನಾನು. ಬ್ಯಾಟ್ರಿಗೆ ಗಾಳಿ ಬೇಕಾಗಿಲ್ಲ ಅನ್ನೂದು ನನಗ ಗೊತ್ತಿತ್ತು. ಸಾಲ್ಯಾಗ ಓದಿದ್ದೆ. ಅವ್ರು ತಮ್ಮ ತಪ್ಪು ಅಂತ ಬರದ್ರು. ನಾ ಬಾಯಿ ಬಿಡಲಿಲ್ಲ.”

ಅವನು ನನ್ನ ಮುಖ ನೋಡಿದ. ಬೈದಾನು ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

“ನನಗೂ ಗೊತ್ತಿತ್ತಲ್ರಿ ಸಾಹೇಬ್ರ” ಎಂದ. “ಕಂದೀಲ ಉಸಿರಾಡೂ ಜಾಗಾದಾಗ ಅಷ್ಟ ಮನಷ್ಯಾ ಉಸಿರಾಡ್ತಾನ ಅಂತ ನಮ್ಮಪ್ಪ ಸಾವಿರ ಸಲ ಹೇಳಿದ್ದ. ಆ ಬೆಳಕ ನೋಡಿ ಮರ್ತೆ.” ಹೆಂಡತಿಯ ಕಡೆ ಗದ್ದದಿಂದ ತೋರಿಸಿದ. “ಮರೀಲಾರದಾಕಿ ಈಕಿ ಒಬ್ಬಾಕಿ.”

“ನನಗೇನ ಗೊತ್ತಿರಲಿಲ್ಲ ತಗೋರಿ” ಎಂದಳು ದ್ಯಾಮವ್ವ ಹಗ್ಗದ ಗಂಟು ಜಗ್ಗಿ ನೋಡುತ್ತ. “ಹೆದರಿಕಿ ಆಗಿತ್ತು, ಅಷ್ಟ.”

ದುರಗಪ್ಪ ಕಂದೀಲು ಹೊತ್ತಿಸಿ ಇಳಿಬಿಟ್ಟ. ಗೌಡರ ಮಗ ನನ್ನ ಕಿಸೆಯಿಂದ ಜೋತಿದ್ದ ಉಡದಾರ ನೋಡಿ, “ಸಾಹೇಬ್ರ, ಬ್ಯಾಟ್ರಿ ಐತಲ್ರಿ, ತಳಾ ಹೆಂಗೈತಿ ನೋಡೂಣು” ಎಂದ. ಕೈ ಕಿಸೆಗೆ ಹೋಯಿತು. ಬ್ಯಾಟರಿ ಬಿಚ್ಚಿದೆ. ಎರಡು ಸೆಲ್ಲುಗಳಲ್ಲಿ ಒಂದು ಉಲ್ಟಾ ಇತ್ತು, ಅವರು ಇಟ್ಟ ಹಾಗೇ.

ಅಷ್ಟರಲ್ಲಿ ಕೆಳಗೆ ಕಂದೀಲಿನ ಉರಿ ಸಣ್ಣಗಾಯಿತು, ನೀಲಿಯಾಯಿತು, ಆರಿತು.

ದುರಗಪ್ಪನ ತಮ್ಮ ಬೇವಿನ ಟೊಂಗೆ ತರಲು ಹೋದ. ನಾನು ಸೆಲ್ಲು ತಿರುಗಿಸದೆ ಬ್ಯಾಟರಿ ಮುಚ್ಚಿ ಕಿಸೆಗಿಟ್ಟೆ.

“ಕುಂದರ್ರಿ ಸಾಹೇಬ್ರ” ಎಂದು ದುರಗಪ್ಪ ಎಲೆಅಡಿಕೆಯ ಚೀಲ ನನ್ನ ಕಡೆ ಸರಿಸಿದ. “ಇನ್ನ ಹೊತ್ತಾಗ್ತದ.”

ಕುಳಿತೆ. ಸಂಜೆಯ ಬಸ್ಸು ತಪ್ಪುವುದು ಖಚಿತವಿತ್ತು. ನನ್ನ ಸುತ್ತ ಐದಾರು ಜನ, ಒಬ್ಬರಿಗೂ ಅವಸರವಿಲ್ಲದೆ, ಒಂದು ಕತ್ತಲೆಯ ಕುಣಿಗೆ ಹೆದರಿಕೊಂಡು ಸುಮ್ಮನೆ ಕುಳಿತಿದ್ದರು. ಅವರ ನಡುವೆ ನನಗೆ ಬಹಳ ಹಿತವೆನ್ನಿಸಿತು.